ಡಿಕ್ಕಿಯಿಂದ ಕಾರು ಹತ್ತಿದ ಹುಡುಗಿ

ಕಣ್ಣಿನ ಡಾಕ್ಟರಮ್ಮನ ಮನೆಯವರು ಹೊಸ ಕಾರು ಹುಡುಕಬೇಕಾಗಿ ಬಂದದ್ದು ಹಳೆಯ ಕಾರು ತನ್ನ ಕೆಲಸವನ್ನು ಪೂರ್ತಿ ಮಾಡಿ ಮುಗಿಸಿದ್ದರಿಂದ.

ಅದು ಸಣ್ಣ ಕಾರು, ಮದುವೆಯಾದ ಹೊಸದರಲ್ಲಿ ಕೊಂಡದ್ದು. ಒಂದು ಶನಿವಾರ ಬೆಳಿಗ್ಗೆ ಡಾಕ್ಟರಮ್ಮನ ಗಂಡ ಮಗಳನ್ನು ಈಜಿನ ಕ್ಲಾಸಿನಿಂದ ಕರೆದುಕೊಂಡು ಬರುತ್ತಿದ್ದ. ನಾಲ್ಕು ರಸ್ತೆ ಕೂಡುವಲ್ಲಿ, ಕೆಂಪು ದೀಪವಿದ್ದರೂ ನಿಲ್ಲದೆ ನುಗ್ಗಿದ ಸಾಮಾನಿನ ವ್ಯಾನೊಂದು ಕಾರಿನ ಪಕ್ಕೆಗೆ ಬಂದು ಬಡಿಯಿತು. ಕಾರು ಬುಗುರಿಯ ಹಾಗೆ ತಿರುಗಿ ದೀಪದ ಕಂಬಕ್ಕೆ ಒರಗಿ ನಿಂತಿತು. ಗಂಡನ ಹೆಗಲೆಲುಬು ಮುರಿಯಿತು, ಸ್ವಲ್ಪ ಹೊತ್ತು ಪ್ರಜ್ಞೆಯೂ ತಪ್ಪಿತು. ಹಿಂದೆ ಬೆಲ್ಟು ಕಟ್ಟಿಕೊಂಡು ಕುಳಿತಿದ್ದ ಮಗಳಿಗೆ ಗದ್ದದ ಮೇಲೆ ಒಂದು ಗೀರು, ಅಷ್ಟೇ. ನಜ್ಜುಗುಜ್ಜಾದ ಕಾರನ್ನು ಆಮೇಲೆ ನೋಡಿದ ಮೆಕ್ಯಾನಿಕ್ ತಲೆಯಾಡಿಸಿ, "ಇದನ್ನ ರಿಪೇರಿ ಮಾಡೋ ಮಾತೇ ಇಲ್ಲ ಮೇಡಂ. ಇದು ತಾನು ಹೋಗಿ ಅವರಿಬ್ಬರನ್ನ ಉಳಿಸಿದೆ," ಎಂದ.

ಅವತ್ತು ಗ್ಯಾರೇಜಿನಲ್ಲಿ ಡಾಕ್ಟರಮ್ಮ ಆ ಕಾರಿನ ಬಾನೆಟ್ಟಿನ ಮೇಲೆ ಕೈ ಇಟ್ಟಳು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ದನದ ಬೆನ್ನು ಸವರುವಂತೆ ಅದನ್ನೊಮ್ಮೆ ಸವರಿ ಬಂದಳು.

ಗಂಡನ ಎಲುಬು ಕೂಡಿಕೊಂಡಿತು. ಮಗಳ ಗದ್ದದ ಗೀರು ಮಾಯಿತು. ಆದರೆ ಮಗಳು ಕಾರು ಹತ್ತುವುದನ್ನು ಬಿಟ್ಟುಬಿಟ್ಟಳು.

ಮನೆಯಲ್ಲಿ ಅವಳನ್ನು ಕರೆಯುತ್ತಿದ್ದದ್ದು ಪಟಾಕಿ ಎಂದು. ಮಾತು ಶುರುವಾದರೆ ಸರ ಪೂರ್ತಿ ಸಿಡಿದು ಮುಗಿಯುವವರೆಗೂ ಯಾರೂ ನಡುವೆ ಬಾಯಿ ಹಾಕುವಂತಿರಲಿಲ್ಲ. ಅಂಥವಳು ಈಗ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ಟ್ಯಾಕ್ಸಿ ಬಂದು ನಿಂತರೆ ಅಜ್ಜಿಯ ಸೆರಗಿನ ಹಿಂದೆ ಹೋಗಿ ನಿಲ್ಲುತ್ತಿದ್ದಳು. ಅಳುವುದಿಲ್ಲ, ಕೂಗುವುದಿಲ್ಲ, ಕಾಲು ಮಾತ್ರ ನೆಲಕ್ಕೆ ಅಂಟಿಕೊಂಡುಬಿಡುತ್ತಿತ್ತು. ಬಸ್ಸಾದರೆ ಆಗಬಹುದು, ಆದರೆ ಸೀಟು ಖಾಲಿಯಿದ್ದರೂ ಕೂರುವುದಿಲ್ಲ, ಹಿಂದಿನ ಬಾಗಿಲ ಹತ್ತಿರದ ಕಂಬಿ ಹಿಡಿದು ನಿಂತೇ ಬರಬೇಕು. ಏನಾಯಿತು ಅಂದು ಕೇಳಿದರೆ, "ಏನೂ ಆಗಲಿಲ್ಲ," ಎನ್ನುತ್ತಿದ್ದಳು. ಮಕ್ಕಳ ಮನಸ್ಸಿನ ಡಾಕ್ಟರ್ ಒಬ್ಬರು, "ಒತ್ತಾಯ ಮಾಡಬೇಡಿ. ಅವಳಾಗೇ ಹೇಳ್ತಾಳೆ, ಕಾಯಿರಿ," ಎಂದಿದ್ದರು.

ಕಾಯುವುದು ಹೆಚ್ಚಾಗಿ ಅಜ್ಜಿಯ ಪಾಲಿಗೆ ಬಂತು. ಗಂಡನ ತಾಯಿ, ಮದುವೆಯ ಉಡುಪು ಹೊಲಿಯುವುದರಲ್ಲಿ ಹೆಸರು ಮಾಡಿ, ಕಣ್ಣಿಗಿಂತ ಮೊದಲು ಮಂಡಿ ಕೈಕೊಟ್ಟದ್ದರಿಂದ ಮಿಷನ್ನು ಮುಚ್ಚಿಟ್ಟವರು. ಆ ಮಂಡಿಯಲ್ಲೇ ದಿನಾ ಮೊಮ್ಮಗಳನ್ನು ಶಾಲೆಗೆ ನಡೆಸಿಕೊಂಡು ಹೋಗಿ ಬರತೊಡಗಿದರು. ಸೊಸೆ ಬೇಡವೆಂದರೆ, "ನಂಗೂ ನಡೆದಾಡಿದ ಹಾಗಾಗತ್ತಮ್ಮ," ಎನ್ನುವರು. ಸಂಜೆ ಬಿಸಿನೀರಿನ ಚೀಲ ಮಂಡಿಗೆ ಒತ್ತಿಕೊಂಡು ಕುಳಿತಿರುವುದನ್ನು ಸೊಸೆ ನೋಡಿಯೂ ನೋಡದವಳಂತೆ ಹೋಗಿ ಚಹಾ ಮಾಡಿ ತರುವಳು.

ಹೀಗೆಯೇ ಎಷ್ಟು ದಿನ? ಡಾಕ್ಟರಮ್ಮನ ಆಸ್ಪತ್ರೆ ಊರಿನ ಆಚೆ ತುದಿ. ಗಂಡನದು ಜನರ ಮನೆಗಳಿಗೆ ಅಡುಗೆಮನೆ ಮಾಡಿಕೊಡುವ ಕಸುಬು. ಕಪಾಟಿನ ಬಾಗಿಲು, ಬಣ್ಣದ ಮಾದರಿ, ಹಿಡಿಕೆಗಳ ಡಬ್ಬ ಎಲ್ಲ ಹೊತ್ತು ತಿರುಗಬೇಕು. ಕಿರಿಯ ಮಗ ಗುಂಡ, ಎರಡು ವರ್ಷ ತುಂಬಿದ ಪೋರ, ಕಾರಿನ ಚಿತ್ರ ಕಂಡರೂ ಸಾಕು, ತುಟಿಯಲ್ಲಿ ಬುರ್ರ್ ಎಂದು ಉಗುಳು ಹಾರಿಸುವವನು.

"ಈ ಸಲ ಸಣ್ಣದು ಬೇಡ," ಎಂದಳು ಡಾಕ್ಟರಮ್ಮ ಒಂದು ದಿನ ಊಟದ ಮೇಜಿನಲ್ಲಿ. "ನಮ್ಮ ಕೈಲಿ ಆಗುತ್ತೆ. ಒಳ್ಳೇ ಎಸ್‌ಯುವಿ ತಗೊಳೋಣ. ಎಲ್ಲರೂ ಹಾಯಾಗಿ ಕೂರೋ ಅಂಥದ್ದು."

ಗಂಡ ಇದಕ್ಕೇ ಕಾದಿದ್ದವನಂತೆ ಫೋನು ತೆಗೆದ. ತೀರಾ ದೊಡ್ಡದು ನಮ್ಮ ಗೇಟಿನೊಳಗೆ ಹಿಡಿಸುವುದಿಲ್ಲ, ಸಣ್ಣದು ಈಗ ಬೇಡವೆಂದಾಯಿತು, ಮಧ್ಯದ ಅಳತೆಯಲ್ಲಿ ಮೂರು ಒಳ್ಳೆಯ ಕಾರುಗಳಿವೆ ಎಂದು ಮೂರರ ಚಿತ್ರವನ್ನೂ ಸರದಿಯಂತೆ ತೋರಿಸಿದ. ಆ ಕಾರುಗಳ ಇಂಗ್ಲಿಷ್ ಅಕ್ಷರ, ಅಂಕಿಗಳ ಹೆಸರು ಅಜ್ಜಿಯ ನಾಲಿಗೆಗೆ ಹತ್ತಲಿಲ್ಲ. ಅವರೇ ಬೇರೆ ಹೆಸರಿಟ್ಟರು. ಮುಂದೆ ಅಗಲವಾದ ಜಾಲರಿಯಿದ್ದ ಕಪ್ಪನೆಯದು ಮೀಸೆ ಮಾವ. ಬೆಳ್ಳಗೆ, ಎಲ್ಲೆಲ್ಲೂ ಮಿಂಚುವ ಪಟ್ಟಿ ಹಚ್ಚಿಕೊಂಡದ್ದು ಮದುಮಗಳು. ಮೂರನೆಯದು ಬೂದಿ ಬಣ್ಣದ್ದು. ಬೆಲ್ಟು ಹಾಕದಿದ್ದರೆ ಕೂಗುತ್ತದೆ, ಗೆರೆ ದಾಟಿದರೆ ಕೂಗುತ್ತದೆ, ನಿದ್ದೆ ಬಂದರೆ ಎಬ್ಬಿಸುತ್ತದೆ, ಎದುರಿಗೆ ಯಾರಾದರೂ ಬಂದರೆ ತಾನೇ ಬ್ರೇಕು ಹಾಕುತ್ತದೆ ಎಂದು ಮಗ ವಿವರಿಸಿದಾಗ ಅಜ್ಜಿ, "ಹಾಗಾದ್ರೆ ಇದು ಮೇಷ್ಟ್ರು," ಎಂದರು.

ಪಟಾಕಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಆದರೆ ಮೀಸೆ ಮಾವ ಅಂದಾಗ ಅವಳ ತುಟಿಯ ಒಂದು ತುದಿ ಅಲುಗಿದ್ದನ್ನು ತಾಯಿ ನೋಡಿದಳು.

ಮೂರೂ ಶೋರೂಮುಗಳು ಒಂದೇ ರಸ್ತೆಯಲ್ಲಿದ್ದವು. ಮುಂದಿನ ಭಾನುವಾರ ಎಲ್ಲರೂ ಬಸ್ಸಿನಲ್ಲೇ ಹೊರಟರು. ಕಾರು ಕೊಳ್ಳಲು ಮನೆಮಂದಿಯೆಲ್ಲ ಬಸ್ಸಿನಿಂದ ಇಳಿದು ಬಂದದ್ದನ್ನು ಕಂಡು ಮೊದಲ ಶೋರೂಮಿನ ಕಾವಲಿನವನು ಇವರು ವಿಳಾಸ ಕೇಳಲು ಬಂದವರೆಂದುಕೊಂಡ.

ಮೀಸೆ ಮಾವನನ್ನು ಕಂಡದ್ದೇ ಗಂಡ ಕರಗಿ ನೀರಾದ. ಬಾಗಿಲು ಹಾಕಿದರೆ ಧಬ್ ಎನ್ನುವುದಿಲ್ಲ, ತಿಜೋರಿ ಮುಚ್ಚಿದ ಹಾಗೆ ಮೆತ್ತಗೆ ಒಳಕ್ಕೆ ಎಳೆದುಕೊಳ್ಳುತ್ತದೆ. ಸೀಟು ಬೆನ್ನನ್ನು ಒತ್ತಿಕೊಡುತ್ತದೆ. "ನನ್ನ ಹೆಗಲಿಗೆ ಇದೇ ಮದ್ದು ಕಣೇ," ಎಂದು ಅವನು ಕಣ್ಣು ಮುಚ್ಚಿ ಕೂತುಬಿಟ್ಟ. ಆಮೇಲೆ ಜೇಬಿನಿಂದ ಅಳತೆಯ ಟೇಪು ತೆಗೆದು ಡಿಕ್ಕಿಯ ಅಗಲ, ಆಳ, ಎತ್ತರ ಹಿಡಿದ. ಕೋಟು ತೊಟ್ಟ ಮಾರಾಟಗಾರ, "ಸರ್, ಎಲ್ಲ ಪುಸ್ತಕದಲ್ಲಿದೆ," ಎಂದರೆ, "ಇರಲಿ ಬಿಡಿ, ಪುಸ್ತಕ ಬರೆದವರು ಕಪಾಟಿನ ಬಾಗಿಲು ಹೊತ್ತು ತಿರುಗಿಲ್ಲ," ಎಂದ. ಗುಂಡ ಸ್ಟಿಯರಿಂಗ್ ಹಿಡಿದು ಇಡೀ ಶೋರೂಮು ಬೆಚ್ಚುವಂತೆ ಹಾರ್ನ್ ಒತ್ತಿದ. ಪಟಾಕಿ ಮಾತ್ರ ಒಳಗೆ ಬರಲಿಲ್ಲ. ಗಾಜಿನ ಆಚೆ, ಹೂಕುಂಡದ ಪಕ್ಕ ನಿಂತಿದ್ದಳು. ಅಜ್ಜಿಯೂ ಅವಳ ಜೊತೆ ನಿಂತರು.

ಮದುಮಗಳ ಶೋರೂಮಿನಲ್ಲೂ ಅದೇ ಕತೆ. ಇಲ್ಲಿ ಅಜ್ಜಿ ಎರಡು ನಿಮಿಷ ಒಳಗೆ ಬಂದು ಸೀಟಿನಲ್ಲಿ ಕುಳಿತು ಎದ್ದರು. ಮಂಡಿ ಮಡಚದೆ ಕೂರಬಹುದು, ಅದೊಂದು ಸುಖ ಎಂದರು. ಒಳಗಿನ ಕೆನೆಬಣ್ಣದ ಚರ್ಮದ ಹೊಲಿಗೆಯನ್ನು ಬೆರಳಲ್ಲಿ ಸವರಿ, "ಕೈ ಚೆನ್ನಾಗಿ ಕೂತಿದೆ," ಎಂದು ಮೆಚ್ಚಿದರು. "ಆದ್ರೆ ಗುಂಡ ಇದರ ಮೇಲೆ ಏನು ಚೆಲ್ಲಿದ್ರೂ ನನ್ನ ಎದೆ ಒಡೆದು ಹೋಗುತ್ತೆ."

ಹೊರಗೆ ಬಂದ ಮೇಲೆ ಗಂಡಹೆಂಡಿರ ಮಾತು ಬಿಸಿಯೇರಿತು.

"ಮೀಸೆ ಮಾವನೇ ಸರಿ. ಎಂಜಿನ್ ನೋಡು, ಡಿಕ್ಕಿ ನೋಡು," ಎಂದ ಅವನು.

"ನೀವು ಎಂಜಿನ್ ನೋಡಿ. ನಾನು ಡಿಕ್ಕಿ ಹೊಡೆದ್ರೆ ಏನಾಗುತ್ತೆ ಅಂತ ನೋಡ್ತೀನಿ," ಎಂದಳು ಅವಳು. "ಮೇಷ್ಟ್ರನ್ನ ನೋಡೋ ಮುಂಚೆ ತೀರ್ಮಾನ ಬೇಡ."

"ಅದರಲ್ಲಿ ಕೂತ್ರೆ ಪರೀಕ್ಷೆಗೆ ಕೂತ ಹಾಗಿರುತ್ತೆ ಅಂತ ಎಲ್ಲರೂ ಹೇಳ್ತಾರೆ."

"ಪರೀಕ್ಷೆಗೆ ಕೂರೋಕಾದ್ರೂ ಜೀವ ಇರ್ಬೇಕಲ್ಲ!"

ಆ ಮಾತು ಬಾಯಿಂದ ಜಾರಿದ ಮೇಲೆ ಇಬ್ಬರೂ ಮಗಳ ಕಡೆ ತಿರುಗಿ ನೋಡಿದರು. ಪಟಾಕಿ ಸ್ವಲ್ಪ ದೂರದಲ್ಲಿ ಕಾಲುದಾರಿಯ ಕಲ್ಲುಗಳ ಗೆರೆ ತುಳಿಯದಂತೆ ಹೆಜ್ಜೆ ಹಾಕುತ್ತಿದ್ದಳು. ಅಜ್ಜಿ ಮಗನ ಕಡೆಗೊಮ್ಮೆ ಸೊಸೆಯ ಕಡೆಗೊಮ್ಮೆ ನೋಡಿದರು.

"ಜಗಳ ಆಡಿ, ಪರವಾಗಿಲ್ಲ," ಎಂದರು ಮೆಲ್ಲಗೆ. "ಕರೀದೋ ಬಿಳೀದೋ ಅಂತ ಜಗಳ ಆಡೋಕೆ ಎಲ್ಲರೂ ಇದ್ದೀವಲ್ಲ. ಅವತ್ತು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತಾಗ ನಾನು ಇಷ್ಟನ್ನೇ ಕೇಳಿಕೊಂಡಿದ್ದು."

ಅವನು ತಾಯಿಯ ಕೈಯಿಂದ ಚೀಲ ಇಸಿದುಕೊಂಡ. ಅವಳು ಅತ್ತೆಯ ತೋಳು ಹಿಡಿದಳು. ಹಾಗೇ ಮೂರನೆಯ ಶೋರೂಮಿಗೆ ನಡೆದರು.

ಅಲ್ಲಿ ಇವರನ್ನು ಎದುರುಗೊಂಡವಳು ಚಿಕ್ಕ ಪ್ರಾಯದ ಹುಡುಗಿ. ಕಪ್ಪು ಕೋಟು, ಎತ್ತರದ ಹಿಮ್ಮಡಿಯ ಚಪ್ಪಲಿ. ಬೂದಿ ಬಣ್ಣದ ಮೇಷ್ಟ್ರು ಒಳಗಿರಲಿಲ್ಲ, ಹೊರಗಿನ ಅಂಗಳದಲ್ಲಿ ಮಾಡಿನ ಕೆಳಗೆ ನಿಂತಿತ್ತು. ಗಂಡ ಚೀಲವನ್ನು ತಾಯಿಗೆ ಹಿಂದಿರುಗಿಸಿ ಬಾನೆಟ್ಟಿನ ಕಡೆಗೆ ಹೋದ, ಗುಂಡನನ್ನು ಸೊಂಟದ ಮೇಲೆ ಕೂರಿಸಿಕೊಂಡು. ಡಾಕ್ಟರಮ್ಮ ಚಾಲಕನ ಸೀಟಿನಲ್ಲಿ ಕುಳಿತು ಕನ್ನಡಿ ಸರಿಮಾಡಿಕೊಳ್ಳತೊಡಗಿದಳು. ಅಷ್ಟರಲ್ಲಿ ಅಜ್ಜಿಯ ಮಂಡಿ ಇನ್ನು ಆಗದು ಎಂದಿತು. ಅವರು ಸುತ್ತ ನೋಡಿದರು. ಅಂಗಳದಲ್ಲಿ ಕುರ್ಚಿ ಇರಲಿಲ್ಲ.

"ಒಳಗಿಂದ ಕುರ್ಚಿ ತರಿಸ್ತೀನಿ ಅಮ್ಮ, ಅಲ್ಲೀವರೆಗೂ ಇಲ್ಲಿ ಕೂತ್ಕೊಳಿ," ಎಂದು ಆ ಹುಡುಗಿ ಡಿಕ್ಕಿಯ ಬಾಗಿಲು ಮೇಲೆತ್ತಿ, ಒಳಗೋಡೆಯಲ್ಲಿದ್ದ ಒಂದು ಗುಂಡಿ ಒತ್ತಿದಳು. ಕಾರು ಹಿಂಗಾಲು ಮಡಚಿದ ಆನೆಯ ಹಾಗೆ ಉಸ್ಸೆಂದು ಹಿಂದುಗಡೆ ತಗ್ಗಿತು.

"ಅಯ್ಯೋ, ನನಗೋಸ್ಕರ ಬಗ್ಗಿತಲ್ಲಪ್ಪ ಇದು!" ಅಜ್ಜಿ ಅಂಚಿನ ಮೇಲೆ ಕುಳಿತು ಕಾಲು ನೀಡಿದರು. "ಬೇಡ ಮಗಳೇ, ಕುರ್ಚಿ ತರಿಸಬೇಡ. ಮನೆ ಮುಂದಿನ ಕಟ್ಟೆ ಮೇಲೆ ಕೂತ ಹಾಗಿದೆ."

ಗೇಟಿನ ಬಳಿ ನಿಂತಿದ್ದ ಪಟಾಕಿ ಇದನ್ನೆಲ್ಲ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಹತ್ತಿರ ಬಂದಳು. ಇನ್ನೂ ಹತ್ತಿರ ಬಂದಳು. ಯಾರೂ ಕರೆಯಲಿಲ್ಲ. ಅಜ್ಜಿ ಚೀಲದಿಂದ ಕಿತ್ತಳೆ ಹಣ್ಣು ತೆಗೆದು ಸುಲಿಯತೊಡಗಿದರು, ಪಕ್ಕದಲ್ಲಿ ಜಾಗವಿರುವಂತೆ ಸ್ವಲ್ಪ ಸರಿದರು. ಪಟಾಕಿ ಬಂದು ಅಂಚಿನ ಮೇಲೆ ಕುಳಿತು ಕೈ ಚಾಚಿದಳು.

"ಅಜ್ಜೀ, ಇದನ್ನೂ ಡಿಕ್ಕಿ ಅಂತಾರೆ, ಗುದ್ದೋದಕ್ಕೂ ಡಿಕ್ಕಿ ಅಂತಾರೆ. ಯಾಕೆ?"

"ಅದೇ ನಂಗೂ ಗೊತ್ತಿಲ್ಲ ಕಣೇ. ಬೇರೆ ಹೆಸರು ಸಿಗಲಿಲ್ವೇನೋ ಅವರಿಗೆ."

ಪಟಾಕಿ ತೊಳೆಯನ್ನು ಬಾಯಿಗೆ ಹಾಕಿಕೊಂಡು, ತಿರುಗಿ ಕಾರಿನೊಳಕ್ಕೆ ನೋಡಿದಳು.

"ನಾನು ಇಲ್ಲಿಂದಾನೇ ಬಂದಿದ್ದು," ಎಂದಳು.

ಅಜ್ಜಿಯ ಕೈ ಹಣ್ಣಿನ ಮೇಲೆ ನಿಂತಿತು. "ಎಲ್ಲಿಂದ, ಕಂದಾ?"

"ಅವತ್ತು. ಆ ಕಡೆ ಬಾಗಿಲೂ ತೆಗೆಯೋಕೆ ಬರ್ಲಿಲ್ಲ, ಈ ಕಡೆ ಬಾಗಿಲಿಗೆ ಕಂಬ ಇತ್ತು. ಅಪ್ಪ ಮಾತಾಡ್ತಿರ್ಲಿಲ್ಲ. ನಾನು ಕೂಗ್ದೆ. ಆಮೇಲೆ ಹಿಂದೆ ಡಿಕ್ಕಿ ತೆಗೀತು. ಒಬ್ಬರು ಆಂಟಿ ಒಳಗೆ ಬಂದ್ರು. ತೆವಳ್ಕೊಂಡು ಬಂದ್ರು. ಅವರ ಕೈಲಿ ಹಸಿರು ಗ್ಲೌಸ್ ಇತ್ತು, ಮಣ್ಣು ಮಣ್ಣು. ಪಕ್ಕದ ಸೀಟು ಮಡಚಿ ನನ್ನ ಎಳ್ಕೊಂಡ್ರು."

ಚಾಲಕನ ಸೀಟಿನಲ್ಲಿದ್ದ ತಾಯಿಗೆ ಒಂದೊಂದು ಮಾತೂ ಕೇಳಿಸಿತು. ಅವಳು ಕನ್ನಡಿಯಿಂದ ಕೈ ತೆಗೆಯಲಿಲ್ಲ. ತಾನು ಉಸಿರಾಡಿದರೂ ಆ ದನಿ ನಿಂತುಬಿಡಬಹುದೆಂಬ ಹೆದರಿಕೆ. ಅವಳು ಆಸ್ಪತ್ರೆಗೆ ಓಡಿ ಬಂದಾಗ ಮಗಳು ಕಂಬಳಿ ಹೊದ್ದು ಕುಳಿತಿದ್ದಳು. ಆಂಬುಲೆನ್ಸ್ ಬರುವ ಮುಂಚೆ ಅವಳನ್ನು ಕಾರಿನಿಂದ ಹೊರಗೆ ತೆಗೆದವರು ಯಾರು ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗಂಡನಿಗೆ ನೆನಪಿದ್ದದ್ದು ಹಿಂದುಗಡೆ ಯಾವುದೋ ಹೆಂಗಸಿನ ದನಿ ಮಾತ್ರ. ಅದನ್ನು ಅವನು ಕನಸೆಂದುಕೊಂಡಿದ್ದ.

"ಅಜ್ಜೀ," ಪಟಾಕಿ ಮುಂದುವರಿಸಿದಳು, "ಆ ಆಂಟಿ ಬರದೇ ಇದ್ದಿದ್ರೆ ಒಳಗಿಂದ ಇದನ್ನ ತೆಗೆಯೋಕೆ ಬರ್ತಿತ್ತಾ?"

ಅಜ್ಜಿ ಶೋರೂಮಿನ ಹುಡುಗಿಯ ಮುಖ ನೋಡಿದರು. ಅವಳು ಅಷ್ಟು ಹೊತ್ತೂ ಪಕ್ಕದಲ್ಲೇ ನಿಂತಿದ್ದಳು; ಕೈಯಲ್ಲಿದ್ದ ಬಣ್ಣದ ಪುಸ್ತಕವನ್ನು ಎದೆಗವಚಿಕೊಂಡು. ಬೇರೆ ಯಾರಾದರೂ ಆಗಿದ್ದರೆ ಈ ಕಾರು ಎಷ್ಟು ಭದ್ರ, ಅಪಘಾತದ ಪರೀಕ್ಷೆಯಲ್ಲಿ ಎಷ್ಟು ನಕ್ಷತ್ರ ಬಂದಿದೆ ಎಂದು ಶುರು ಮಾಡುತ್ತಿದ್ದರೇನೋ. ಅವಳು ಪುಸ್ತಕವನ್ನು ನೆಲಕ್ಕಿಟ್ಟು, ಚಪ್ಪಲಿ ಬಿಚ್ಚಿದಳು.

"ನೋಡೋಣ ಬಾ. ನಾನೂ ಯಾವತ್ತೂ ಮಾಡಿ ನೋಡಿಲ್ಲ."

ಅವಳು ಕೋಟು ಸಮೇತ ಹಿಂದಿನ ಸೀಟಿನಲ್ಲಿ ಹೋಗಿ ಕುಳಿತಳು. ಡಿಕ್ಕಿ ಹೊರಗಿನಿಂದ ಮುಚ್ಚಿರಿ ಎಂದಳು. ಅಜ್ಜಿ ಎದ್ದು ನಿಂತು ಎಳೆದೊಡನೆ ಬಾಗಿಲು ತಾನಾಗಿ ಇಳಿಯಿತು. ಗಂಡ ಏನಾಗುತ್ತಿದೆ ಎಂದು ತಿಳಿಯದೆ ಬಾನೆಟ್ಟು ಬಿಟ್ಟು ಓಡಿ ಬಂದ. ಎಲ್ಲರೂ ಹಿಂದುಗಡೆ ನಿಂತು ಗಾಜಿನೊಳಗೆ ಇಣುಕಿದರು. ಒಳಗೆ ಅವಳು ಸೀಟಿನ ಬೆನ್ನಿನ ಮೇಲಿದ್ದ ಹಿಡಿಕೆ ಎಳೆದಳು, ಬೆನ್ನು ಮಡಚಿತು, ಮೊಣಕಾಲಿನ ಮೇಲೆ ತೆವಳುತ್ತ ಹಿಂದಕ್ಕೆ ಬಂದಳು, ತಲೆ ಒಮ್ಮೆ ಕಾರಿನ ಮಾಡಿಗೆ ಬಡಿಯಿತು, ಬಾಗಿಲ ಕೆಳಗಿದ್ದ ಸಣ್ಣ ಮುಚ್ಚಳ ಹುಡುಕಿ ತೆಗೆದಳು. ಕೈ ಒಳಗೆ ಹಾಕಿ ಏನನ್ನೋ ಸರಿಸಿದಳು. ಆಗಲಿಲ್ಲ. ಇನ್ನೊಮ್ಮೆ. ಟಕ್ಕೆಂದಿತು. ಬಾಗಿಲು ಸಡಿಲವಾಯಿತು, ಎರಡೂ ಕೈಯಿಂದ ತಳ್ಳಿ ಹೊರಗೆ ಜಿಗಿದಳು. ಕೂದಲೆಲ್ಲ ಕೆದರಿ, ಕೋಟಿನ ಒಂದು ಗುಂಡಿ ಕಿತ್ತುಹೋಗಿತ್ತು.

"ಬರುತ್ತೆ!" ಎಂದಳು, ತಾನೇ ಗೆದ್ದವಳಂತೆ.

"ನಾನು ಮಾಡ್ಲಾ?" ಎಂದಳು ಪಟಾಕಿ.

ಆಮೇಲಿನ ಅರ್ಧ ಗಂಟೆ ಅಲ್ಲಿ ಕಾರು ಮಾರುವ ಕೆಲಸ ನಡೆಯಲಿಲ್ಲ. ಪಟಾಕಿ ಡಿಕ್ಕಿಯಿಂದ ಒಳಗೆ ಹೋದಳು, ಹಿಂದಿನ ಸೀಟಿಗೆ ತೆವಳಿದಳು, ಮತ್ತೆ ತೆವಳಿ ಬಂದು ಮುಚ್ಚಳ ತೆಗೆದು ಬಾಗಿಲು ಬಿಡಿಸಿಕೊಂಡು ಹೊರಗೆ ಬಂದಳು. ಮೊದಲ ಸಲ ಬಾಗಿಲು ಪೂರ್ತಿ ಮುಚ್ಚಬಾರದೆಂದಳು. ಎರಡನೆಯ ಸಲ ಮುಚ್ಚಬಹುದು, ಆದರೆ ಅಜ್ಜಿ ಗಾಜಿನ ಆಚೆ ಕಾಣುವಂತೆ ನಿಂತಿರಬೇಕೆಂದಳು. ಮೂರನೆಯ ಸಲ ಏನೂ ಹೇಳಲಿಲ್ಲ. ಗುಂಡನೂ ಹಠ ಮಾಡಿ ಒಮ್ಮೆ ಅಕ್ಕನ ಹಿಂದೆ ತೆವಳಿದ. ಶೋರೂಮಿನ ಹುಡುಗಿ ಬರಿಗಾಲಲ್ಲೇ ನಿಂತು ಪ್ರತಿ ಸಲವೂ ಚಪ್ಪಾಳೆ ತಟ್ಟಿದಳು. ಅಜ್ಜಿ ಚೀಲದಲ್ಲಿ ಸದಾ ಇರುವ ಸೂಜಿದಾರ ತೆಗೆದು, ಅವಳ ಕೋಟು ಇಸಿದುಕೊಂಡು ಗುಂಡಿ ಹೊಲಿಯುತ್ತ ಕುಳಿತರು.

ಕೊನೆಗೊಮ್ಮೆ ಒಳಗೆ ಹೋದ ಪಟಾಕಿ ಹೊರಗೆ ಬರಲಿಲ್ಲ. ಬೆಲ್ಟಿನ ಸದ್ದು ಕೇಳಿಸಿತು.

"ಅಮ್ಮಾ," ಎಂದಳು ಒಳಗಿಂದ, "ಸ್ವಲ್ಪ ದೂರ ಹೋಗೋಣ. ಮೆಲ್ಲಗೆ."

ತಾಯಿ ಮೆಲ್ಲಗೆ ಓಡಿಸಿದಳು. ಎಷ್ಟು ಮೆಲ್ಲಗೆಂದರೆ ಅಂಗಳದ ಗೇಟಿನಲ್ಲಿ ಒಂದು ನಾಯಿ ಇವರನ್ನು ಹಿಂದೆ ಹಾಕಿ ಹೋಯಿತು. ಪಕ್ಕದ ಸೀಟಿನಲ್ಲಿದ್ದ ಶೋರೂಮಿನ ಹುಡುಗಿ ಎಂಜಿನ್ನಿನ ಶಕ್ತಿಯ ಬಗ್ಗೆ ಒಂದಕ್ಷರ ಆಡಲಿಲ್ಲ. ಮೂಲೆ ತಿರುಗುವಾಗ ಮಗಳು ಕಣ್ಣು ಮುಚ್ಚಿದ್ದು ಕನ್ನಡಿಯಲ್ಲಿ ಕಾಣಿಸಿತು. ಪಕ್ಕದಲ್ಲಿ ಕುಳಿತ ಅಜ್ಜಿಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಹಿಡಿದಿದ್ದಳು. ರಸ್ತೆ ನೇರವಾದಾಗ ಕಣ್ಣು ತೆರೆದಳು. ಒಂದು ಸುತ್ತು ಬಂದು ಅಂಗಳದಲ್ಲಿ ನಿಂತಾಗ ಡಾಕ್ಟರಮ್ಮನಿಗೆ ಎದುರಿನ ಗೋಡೆ ಮಸುಕು ಮಸುಕಾಗಿ ಕಂಡಿತು. ಕಣ್ಣೊರೆಸಿಕೊಳ್ಳುವುದಕ್ಕೆ ಕೆಳಗೆ ಬಿದ್ದ ಏನನ್ನೋ ಹುಡುಕುವವಳ ಹಾಗೆ ಬಗ್ಗಿದಳು.

ತೀರ್ಮಾನ ಅಲ್ಲೇ ಆಗಿಹೋಯಿತು ಅನ್ನಬಹುದು. ಆದರೂ ಡಾಕ್ಟರಮ್ಮ ನ್ಯಾಯವಾಗಿ ಕೇಳಿದಳು: "ಬೇರೆ ಕಾರಿನಲ್ಲೂ ಹೀಗೆ ತೆಗೆಯೋಕೆ ಬರುತ್ತಾ?"

"ಬರಬಹುದು ಮೇಡಂ. ಬೇರೆಯವರದ್ದು ನನಗೆ ಗೊತ್ತಿಲ್ಲ. ಹೋಗಿ ನೋಡಿಯೇ ಬನ್ನಿ," ಎಂದಳು ಆ ಹುಡುಗಿ.

ಗಂಡ ನಿಜಕ್ಕೂ ಹೋದ. ಮೀಸೆ ಮಾವನನ್ನು ಬಿಟ್ಟುಕೊಡಲು ಅವನಿಗಿನ್ನೂ ಮನಸ್ಸಿರಲಿಲ್ಲ. ಅಲ್ಲಿನ ಕೋಟಿನ ಮಾರಾಟಗಾರ, "ಡಿಕ್ಕಿಯೊಳಗಿಂದ ಹೊರಗೆ ಬರೋದಾ? ಅಲ್ಲಿಗೆ ಯಾರು ಹೋಗ್ತಾರೆ ಸರ್?" ಎಂದು ನಕ್ಕನಂತೆ. ಹಿಂದಿರುಗಿ ಬಂದ ಗಂಡನ ಮುಖದಲ್ಲಿ ಮೀಸೆ ಮಾವನ ಮೋಹ ಇಳಿದಿತ್ತು. "ಮೇಷ್ಟ್ರೇ ಇರಲಿ," ಎಂದ. ಒಂದು ಗಳಿಗೆ ಬಿಟ್ಟು, "ಇದರ ಸೀಟು ಬೆನ್ನು ಒತ್ತುತ್ತಾ?" ಎಂದು ಆಸೆಯಿಂದ ಕೇಳಿದ. ಒತ್ತುವುದಿಲ್ಲವೆಂದು ತಿಳಿದಾಗ, "ಇರಲಿ, ಅಮ್ಮ ಒತ್ತುತ್ತಾಳೆ," ಎಂದ. ಅಜ್ಜಿ ಅವನ ಒಳ್ಳೆಯ ಹೆಗಲಿಗೊಂದು ಏಟು ಕೊಟ್ಟರು.

ಕಾರು ಮನೆಗೆ ಬಂತು. ಮೊದಲ ವಾರಗಳಲ್ಲಿ ಪಟಾಕಿ ಹತ್ತುತ್ತಿದ್ದದ್ದು, ಇಳಿಯುತ್ತಿದ್ದದ್ದು ಎರಡೂ ಡಿಕ್ಕಿಯಿಂದಲೇ. ಶಾಲೆಯ ಗೇಟಿನಲ್ಲಿ ಅದೊಂದು ತಮಾಷೆಯಾಯಿತು. ಬೂದಿ ಬಣ್ಣದ ದೊಡ್ಡ ಕಾರು ಬಂದು ನಿಲ್ಲುವುದು, ಉಸ್ಸೆಂದು ಹಿಂದುಗಡೆ ಬಗ್ಗುವುದು, ಬಾಗಿಲು ಮೇಲೇಳುವುದು, ಒಳಗಿಂದ ಮೊದಲು ಚೀಲ, ಆಮೇಲೆ ಎರಡು ಕಾಲು, ಆಮೇಲೆ ಹುಡುಗಿ. ಗೆಳತಿಯರು ಅದನ್ನು ನೋಡಿ ನಗುವ ಬದಲು ತಮಗೂ ಹಾಗೆ ಇಳಿಯಬೇಕೆಂದು ಸಾಲು ನಿಂತರು. ಅಜ್ಜಿಯ ಮಂಡಿಗೆ ಬಿಡುವು ಸಿಕ್ಕಿತು. ಹುಡುಗಿಯ ಮಾತು ಒಂದೊಂದೇ ಸಿಡಿಯತೊಡಗಿತು. ಎಡಬಿಡದೆ ಅಲ್ಲ, ಅಲ್ಲೊಂದು ಇಲ್ಲೊಂದು.

ಆದರೆ ಡಾಕ್ಟರಮ್ಮನಿಗೆ ಹಸಿರು ಗ್ಲೌಸು ತಲೆಯಿಂದ ಹೋಗಲಿಲ್ಲ. ತನ್ನ ಮಗಳಿಗಾಗಿ ಒಡೆದ ಗಾಜಿನ ನಡುವೆ ತೆವಳಿಕೊಂಡು ಹೋದವರಿಗೆ ತಾನು ಒಂದು ಮಾತೂ ಹೇಳಿಲ್ಲ. ಗಂಡನಿಗೂ ಅದೇ ಕೊರೆತ. ಮಣ್ಣಿನ ಗ್ಲೌಸು ಅಂದರೆ ಗಿಡಗಳ ಕೆಲಸದವರಿರಬೇಕು ಎಂದು ಒಂದು ದಿನ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಆ ನಾಲ್ಕು ರಸ್ತೆ ಕೂಡುವಲ್ಲಿಂದ ಸ್ವಲ್ಪ ಒಳಗೆ ಒಂದು ಗಿಡಗಳ ನರ್ಸರಿ ಇತ್ತು. ಹೋಗೋಣವೇ ಎಂದು ಮಗಳನ್ನು ಕೇಳಿದರು. ಅವಳು ಬಹಳ ಹೊತ್ತು ಯೋಚಿಸಿದಳು. "ಬೇರೆ ರಸ್ತೆಯಿಂದ ಹೋಗೋದಾದ್ರೆ ಹೂಂ," ಎಂದಳು. ಬೇರೆ ರಸ್ತೆ ಬಳಸು ದಾರಿ. ಆ ದಾರಿಯಲ್ಲೇ ಹೋದರು.

ನರ್ಸರಿಯಲ್ಲಿ ಕುಂಡಗಳ ಸಾಲಿನ ನಡುವೆ ದಪ್ಪ ಮೈಯ, ದೊಡ್ಡ ದನಿಯ ಒಬ್ಬ ಹೆಂಗಸು ನೀರಿನ ಪೈಪು ಹಿಡಿದು ಯಾರನ್ನೋ ಫೋನಿನಲ್ಲಿ ಗದರಿಸುತ್ತಿದ್ದಳು. ಭುಜ ಮತ್ತು ಕಿವಿಯ ನಡುವೆ ಫೋನು. ಕೈಯಲ್ಲಿ ಹಸಿರು ಗ್ಲೌಸು. ಪಟಾಕಿ ತಾಯಿಯ ಕೈ ಬಿಟ್ಟು ಮುಂದೆ ಹೋಗಿ ನಿಂತಳು. ಹೆಂಗಸು ಹುಡುಗಿಯನ್ನು ನೋಡಿದಳು. ಗದ್ದ ನೋಡಿದಳು. ಫೋನು ಜಾರಿ ಕೆಸರಿಗೆ ಬಿತ್ತು.

"ಅಯ್ಯೋ ನನ್ನವ್ವಾ! ಬಂದ್ಯಾ?"

ಪೈಪು ಎಲ್ಲೆಲ್ಲಿಗೋ ನೀರು ಹಾರಿಸಿತು. ಅಜ್ಜಿಯ ಸೀರೆ, ಗಂಡನ ಬೂಟು ಎಲ್ಲ ಒದ್ದೆ. ಯಾರೂ ಅದನ್ನು ಲೆಕ್ಕಿಸಲಿಲ್ಲ.

"ನಾನು ಆಂಬುಲೆನ್ಸಿನವರನ್ನ ಕೇಳಿದೆ, ಅವರು ಹೇಳಲಿಲ್ಲ," ಎಂದಳು ಹೆಂಗಸು ಹುಡುಗಿಯ ತಲೆ, ತೋಳು, ಬೆನ್ನು ಎಲ್ಲ ಮುಟ್ಟಿ ನೋಡುತ್ತ. "ಮಂಡಿಗೆ ಗಾಜು ಚುಚ್ಚಿತ್ತು, ಹೊಲಿಗೆ ಹಾಕಿಸ್ಕೊಂಡು ಬರೋ ಹೊತ್ತಿಗೆ ನೀವೆಲ್ಲ ಹೋಗಿಬಿಟ್ಟಿದ್ರಿ. ಅವತ್ತಿಂದ ಆ ತಿರುವಲ್ಲಿ ಹೋಗುವಾಗೆಲ್ಲ ಈ ಮಗು ಹೇಗಿದೆಯೋ ಅಂತ ಒಂದು ಗಳಿಗೆ ನಿಂತೇ ಮುಂದೆ ಹೋಗೋದು." ಆಮೇಲೆ ದೊಡ್ಡವರ ಕಡೆ ತಿರುಗಿ, "ಇವಳೇನು ಸಾಮಾನ್ಯಳಾ? ನಾನು ಒಳಗೆ ಹೋದ್ನಲ್ಲ, 'ಪುಟ್ಟಾ, ನಂಗೆ ಭಯ ಆಗ್ತಿದೆ, ನನ್ನ ಕೈ ಹಿಡ್ಕೊ' ಅಂದೆ. ಹಿಡ್ಕೊಂಡಳು ನೋಡಿ! ಹೊರಗೆ ಬರೋವರೆಗೂ ಬಿಡಲಿಲ್ಲ."

"ನಿಜವಾಗ್ಲೂ ಭಯ ಆಗಿತ್ತಾ?" ಪಟಾಕಿ ಕೇಳಿದಳು. "ನಂಗೆ ಸಮಾಧಾನ ಮಾಡೋಕೆ ಹಾಗೆ ಹೇಳಿದ್ರಿ ಅಂದ್ಕೊಂಡಿದ್ದೆ."

"ಸಮಾಧಾನ ಮಾಡೋಕೆಲ್ಲ ನಂಗೆ ಬರಲ್ಲಮ್ಮ. ಭಯಾನೇ ಆಗಿತ್ತು."

ಹುಡುಗಿ ಇದನ್ನು ಗಂಭೀರವಾಗಿ ಒಳಗೆ ತೆಗೆದುಕೊಂಡಳು. ದೊಡ್ಡವರೊಬ್ಬರಿಗೆ ತಾನು ಧೈರ್ಯ ಕೊಟ್ಟೆ ಎಂಬ ಸುದ್ದಿ ಅವಳಿಗೆ ಇಷ್ಟು ತಡವಾಗಿ ತಲುಪಿತ್ತು. ಅವಳ ಬೆನ್ನು ಸ್ವಲ್ಪ ನೆಟ್ಟಗಾಯಿತು.

ಗಂಡ ಕುಂಡವೊಂದರ ಕಡೆಗೆ ತಿರುಗಿ ಅದರ ಎಲೆಗಳನ್ನು ಬಹಳ ಆಸಕ್ತಿಯಿಂದ ನೋಡಿದ. ಅಜ್ಜಿ ಆ ಹೆಂಗಸಿನ ಎರಡೂ ಕೈ ಹಿಡಿದು, ಗ್ಲೌಸಿನ ಮಣ್ಣು ಸಮೇತ ಕಣ್ಣಿಗೊತ್ತಿಕೊಂಡರು. ಡಾಕ್ಟರಮ್ಮ ದಾರಿಯುದ್ದಕ್ಕೂ ಹೇಳಬೇಕೆಂದು ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತು, ಕೊನೆಗೆ ಹೊರಗೆ ಬಂದದ್ದು ಇಷ್ಟೇ: "ನಾನು ಕಣ್ಣಿನ ಡಾಕ್ಟ್ರು. ನಿಮ್ಮ ಕಣ್ಣು ನಾನು ನೋಡ್ತೀನಿ, ಯಾವಾಗ ಬೇಕಾದ್ರೂ ಬನ್ನಿ."

"ನನ್ನ ಕಣ್ಣಿಗೇನಾಗಿದೆ? ಚೆನ್ನಾಗೇ ಇದೆ ಹೋಗಿ," ಎಂದಳು ಆ ಹೆಂಗಸು ನಗುತ್ತ. ನಗುತ್ತಲೇ ಡಾಕ್ಟರಮ್ಮನನ್ನು ತಬ್ಬಿಕೊಂಡಳು. ಬಿಳಿ ಅಂಗಿಯ ಬೆನ್ನಿನ ಮೇಲೆ ಎರಡು ಕೆಸರಿನ ಅಂಗೈ ಮೂಡಿದವು.

ಆ ಹೆಂಗಸು ಏನು ಕೊಟ್ಟರೂ ತೆಗೆದುಕೊಳ್ಳುವ ಹಾಗಿರಲಿಲ್ಲ. ಬದಲಿಗೆ ಪಟಾಕಿಗೆ ಇಷ್ಟ ಬಂದ ಗಿಡ ಆರಿಸಿಕೋ ಎಂದಳು. ಪಟಾಕಿ ಒಂದು ಆರಿಸಿದಳು, ಗುಂಡ ನಾಲ್ಕು ಆರಿಸಿದ, ಅಜ್ಜಿಗೆ ಮಲ್ಲಿಗೆ ಬೇಕೆನಿಸಿತು. ಗಂಡ ನಾಚಿಕೆ ಬಿಟ್ಟು ಎಲ್ಲಕ್ಕೂ ಹಣ ಕೊಡುತ್ತೇನೆಂದು ಹಠ ಹಿಡಿದ. ಹುಡುಗಿಯದೊಂದನ್ನು ಬಿಟ್ಟು ಉಳಿದದ್ದಕ್ಕೆ ಅವಳು ಒಪ್ಪಿದಳು. ಎಲ್ಲರೂ ಸೇರಿ ಕುಂಡಗಳನ್ನು ಡಿಕ್ಕಿಗೆ ತುಂಬಿದರು. ಅದು ತುಂಬಿ ಬಾಗಿಲಿನವರೆಗೂ ಎಲೆ, ಮಣ್ಣು. ಹೊಸ ಕಾರಿನ ನೆಲಹಾಸಿನ ಮೇಲೆ ನೀರಿಳಿಯುವುದನ್ನು ಗಂಡ ಕಂಡೂ ಮತ್ತೊಂದು ಕುಂಡವನ್ನು ಒಳಗೆ ತುರುಕಿದ. ಗುಂಡನನ್ನು ಒಳಗೆ ಕೂರಿಸಿ ಡಿಕ್ಕಿಯ ಬಾಗಿಲು ಮುಚ್ಚಿದ ಮೇಲೆಯೇ ಎಲ್ಲರಿಗೂ ಹೊಳೆದದ್ದು: ಹುಡುಗಿ ಹತ್ತಲು ಜಾಗವಿರಲಿಲ್ಲ.

"ಇಳಿಸೋಣ, ಒಂದೇ ನಿಮಿಷ," ಎಂದು ತಂದೆ ಮತ್ತೆ ಬಾಗಿಲಿಗೆ ಕೈ ಹಾಕಿದ.

"ಬೇಡಪ್ಪ. ಗಿಡ ಮುರಿದು ಹೋಗುತ್ತೆ," ಎಂದಳು ಪಟಾಕಿ.

ಅವಳು ಕಾರಿನ ಪಕ್ಕಕ್ಕೆ ನಡೆದು ಹೋದಳು. ಬಾಗಿಲ ಹಿಡಿಕೆಯ ಮೇಲೆ ಕೈ ಇಟ್ಟು ನಿಂತಳು. ಯಾರೂ ಅವಳ ಕಡೆ ನೋಡಲಿಲ್ಲ. ಅಜ್ಜಿ ಸೆರಗು ಹಿಂಡುವುದರಲ್ಲಿ, ತಾಯಿ ಕೀಲಿ ಹುಡುಕುವುದರಲ್ಲಿ ತೊಡಗಿದರು, ಕೀಲಿ ಕೈಯಲ್ಲೇ ಇದ್ದರೂ. ಬಾಗಿಲು ತೆರೆದ ಸದ್ದಾಯಿತು. ಮುಚ್ಚಿದ ಸದ್ದಾಯಿತು. ಡಾಕ್ಟರಮ್ಮ ಒಂದು ಕ್ಷಣ ಕಣ್ಣು ಮುಚ್ಚಿ, ಯಾರಿಗೆಂದು ಗೊತ್ತಿಲ್ಲದೆ, ಎಲ್ಲರಿಗೂ ಸಲ್ಲಲಿ ಎಂಬಂತೆ ಮನಸ್ಸಿನಲ್ಲೇ ಕೈ ಮುಗಿದಳು.

ಒಳಗಿನಿಂದ ಗಾಜು ಇಳಿಯಿತು.

"ಅಮ್ಮಾ, ಬೇಗ ಬಾ. ಗುಂಡ ಎಲೆ ತಿಂತಿದ್ದಾನೆ."